ಪಿಗ್ಮಿ ಕಲೆಕ್ಷನ್‌ಗೆ ಕಾರಿಗಿಂತ ಸೈಕಲ್ಲೇ ಬೇಗ

ನಾನು ಉಡುಪಿಯಲ್ಲಿ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ, ಅಂದರೆ ಅಂಗಡಿ ಅಂಗಡಿಗೆ ಹೋಗಿ ಅವರ ದಿನದ ಸಣ್ಣ ಉಳಿತಾಯದ ದುಡ್ಡು ಸಂಗ್ರಹಿಸುವುದು. ಮನೆಯಲ್ಲಿ ಕಾರು ಉಂಟು, ಆದರೆ ಕಲೆಕ್ಷನ್‌ಗೆ ಹೋಗುವುದು ಸೈಕಲ್ಲಿನಲ್ಲಿ. ಹೊಸದಾಗಿ ಸೇರಿದ ಹುಡುಗರು "ಎಂತ ಸರ್, ಪೆಟ್ರೋಲ್ ಉಳಿಸುವುದಾ?" ಎಂದು ಕೇಳುತ್ತಾರೆ. ಪೆಟ್ರೋಲ್ ಉಳಿಯುತ್ತದೆ, ಸುಳ್ಳಲ್ಲ. ಕಮಿಷನ್ ಮೇಲೆ ದುಡಿಯುವವರಿಗೆ ಅದೂ ದೊಡ್ಡದೇ. ಆದರೆ ನನಗೆ ಸೈಕಲ್ಲಿನಿಂದ ಉಳಿಯುವುದು ಮುಖ್ಯವಾಗಿ ಸಮಯ.

ಹೇಳಿದರೆ ನಗುತ್ತಾರೆ. ನಮ್ಮ ಕೆಲಸದಲ್ಲಿ ಓಡುವುದು ಕಮ್ಮಿ, ನಿಲ್ಲುವುದು ಜಾಸ್ತಿ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಐವತ್ತು ಮೀಟರ್, ಹೆಚ್ಚೆಂದರೆ ಇನ್ನೂರು. ಅಷ್ಟು ದೂರಕ್ಕೆ ಕಾರಿನ ವೇಗ ಏನು ಪ್ರಯೋಜನ? ಜಾಗ ಹುಡುಕಬೇಕು, ರಿವರ್ಸ್ ತೆಗೆಯಬೇಕು, ಡಿವೈಡರ್ ಸುತ್ತಿ ಬರಬೇಕು. ಸೈಕಲ್ಲನ್ನು ಅಂಗಡಿಯ ಮೆಟ್ಟಿಲ ಬದಿಗೆ ನಿಲ್ಲಿಸಿದರಾಯಿತು. ಇಳಿದು ತಳ್ಳಿಕೊಂಡು ಹೋದರೆ ನಾನೂ ಒಬ್ಬ ಪಾದಚಾರಿ, ಒನ್‌ವೇಯ ಚಿಂತೆ ಇಲ್ಲ. ಕೃಷ್ಣಮಠದ ರಥಬೀದಿಯ ಸುತ್ತಮುತ್ತ ರಜಾ ದಿನ ಕಾರು ತಂದವರ ಅವಸ್ಥೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಬಂದಾಗಲಂತೂ ಕೇಳುವುದೇ ಬೇಡ.

ಪಿಗ್ಮಿ ಹುಟ್ಟಿದ್ದೂ ನಮ್ಮ ಕಡೆಯೇ. 1928ರಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, ದಿನಕ್ಕೆ ಎರಡಾಣೆ ಇಸಿದುಕೊಳ್ಳಲು ಮನೆ ಬಾಗಿಲಿಗೆ ಹೋಯಿತು. ಬಾಗಿಲಿಂದ ಬಾಗಿಲಿಗೆ ಹೋಗುವ ಆ ಕ್ರಮ ಇವತ್ತಿಗೂ ಹಾಗೇ ಇದೆ. ಈಗ ಕೈಯಲ್ಲಿ ರಸೀದಿ ಕೊಡುವ ಮೆಷಿನ್ ಇದೆ, ಅಷ್ಟೇ.

ಸೈಕಲ್ಲಿನಲ್ಲಿ ನಿಜವಾದ ಪ್ರಶ್ನೆ ಏರು. ಕಲ್ಸಂಕದಿಂದ ಕಡಿಯಾಳಿ, ಕುಂಜಿಬೆಟ್ಟು ದಾಟಿ ಇಂದ್ರಾಳಿವರೆಗೆ ಹೇಗಾದರೂ ಆಗುತ್ತದೆ. ಅಲ್ಲಿಂದ ಲಕ್ಷ್ಮೀಂದ್ರನಗರ ಹತ್ತಿ ಗುಡ್ಡದ ಮೇಲಿನ ಮಣಿಪಾಲ ಮುಟ್ಟುವಾಗ ಅಂಗಿ ಹಿಂಡಬೇಕು. ಇದಕ್ಕೆ ನಾನು ಎರಡು ಉಪಾಯ ಮಾಡಿಕೊಂಡಿದ್ದೇನೆ. ಒಂದು, ಹತ್ತುವಾಗ ಕಲೆಕ್ಷನ್ ಮಾಡುವುದೇ ಇಲ್ಲ. ಏರಿನಲ್ಲಿ ನಿಂತು ಮತ್ತೆ ಹೊರಡುವುದಕ್ಕೇ ಶಕ್ತಿ ಜಾಸ್ತಿ ಬೇಕು. ಬೆಳಿಗ್ಗೆ ತಂಪಿನಲ್ಲಿ ಸೀದಾ ಮೇಲೆ ಹೋಗಿ, ಅಲ್ಲೊಂದು ಚಾ ಕುಡಿದು, ಅಂಗಡಿ ತೆರೆಯುವ ಹೊತ್ತಿಗೆ ಇಳಿಯುತ್ತಾ ಬರುತ್ತೇನೆ. ಆಚೆ ಬದಿಯ ಅಂಗಡಿಗಳಿಗೆ ಸೈಕಲ್ ಒಂದು ಕಡೆ ಬೀಗ ಹಾಕಿ ನಡೆದೇ ಹೋಗುವುದು. ಎರಡನೆಯದು ಫ್ರೀವೀಲ್, ಅಂದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಬಿಲ್ಲೆ. ಗೇರ್ ಇಲ್ಲದ ನನ್ನ ಹಳೇ ಸೈಕಲ್ಲಿಗೆ 18 ಹಲ್ಲಿನದ್ದಿತ್ತು, 22 ಹಲ್ಲಿನದ್ದು ಹಾಕಿಸಿದೆ. ಚೈನಿಗೆ ತುಂಡು ಸೇರಿಸಬೇಕಾಯಿತು. ಸಮತಟ್ಟಿನಲ್ಲಿ ವೇಗ ಸ್ವಲ್ಪ ಕಮ್ಮಿ, ಆದರೆ ಏರಿನಲ್ಲಿ ಮೊಣಕಾಲು ಬದುಕಿಕೊಂಡಿತು. ಅದೂ ಆಗದವರಿಗೆ ಬ್ಯಾಟರಿ ಸೈಕಲ್ ಉಂಟು. 250 ವ್ಯಾಟ್, ಗಂಟೆಗೆ 25 ಕಿ.ಮೀ. ಒಳಗಿನದ್ದಾದರೆ ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ.

ಮಳೆಗಾಲಕ್ಕೆ ಕಾರೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ರತಿ ಅಂಗಡಿಗೂ ಕಾರಿನಿಂದ ಇಳಿದು, ಕೊಡೆ ಬಿಡಿಸಿ, ಮತ್ತೆ ಮಡಚಿ ಒಳಗೆ ಕೂರುವುದರಲ್ಲಿ ಹೇಗೂ ಒದ್ದೆಯಾಗುತ್ತೇವೆ. ಅಂಗಿ ಪ್ಯಾಂಟು ಬೇರೆ ಬೇರೆ ಇರುವ ರೇನ್‌ಕೋಟ್ ಬೆಳಿಗ್ಗೆ ಒಮ್ಮೆ ಹಾಕಿದರೆ ಸಂಜೆವರೆಗೆ ಅದರಲ್ಲೇ. ಮೆಷಿನ್ನೂ ದುಡ್ಡೂ ರೇನ್‌ಕೋಟಿನ ಒಳಗೆ, ಅಡ್ಡ ಹಾಕಿದ ಚೀಲದಲ್ಲಿ. ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸುವ ಅಭ್ಯಾಸ ಮಾತ್ರ ಯಾವ ಕಾಲಕ್ಕೂ ಬೇಡ.

ಹೆದರಬೇಕಾದ್ದು ಬ್ರೇಕಿಗೆ. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ ಎನ್ನಬಹುದು. ಅಲ್ಯೂಮಿನಿಯಂ ರಿಮ್ ವಾಸಿ. ಇಳಿಜಾರು ಶುರುವಾಗುವ ಮೊದಲೇ ಮೆಲ್ಲಗೆ ಒತ್ತುತ್ತಾ ನೀರು ಒರೆಸಿಕೊಳ್ಳಬೇಕು. ತಳ ಕಾಣದ ನೀರಿಗೆ ಚಕ್ರ ಇಳಿಸಬಾರದು, ಕೆಳಗೆ ಗುಂಡಿಯೋ ಚರಂಡಿಯೋ ಯಾರಿಗೆ ಗೊತ್ತು. ಇನ್ನು ಚೈನ್. ಕಡಲ ಗಾಳಿಗೆ ನಮ್ಮಲ್ಲಿ ಬೀಗಕ್ಕೂ ತುಕ್ಕು ಹಿಡಿಯುತ್ತದೆ, ಚೈನ್ ಬಿಡುತ್ತದಾ? ಮಳೆಯಲ್ಲಿ ಬಂದ ರಾತ್ರಿ ಒರೆಸಿ ಎಣ್ಣೆ ಬಿಡಲೇಬೇಕು.

ಇನ್ನೊಂದು ವಿಷಯ ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಒಂದು ಮಳೆಗಾಲ ನಾನೂ ಕಾರಿನಲ್ಲಿ ತಿರುಗಿದ್ದೆ. ತರಕಾರಿ ಅಂಗಡಿಯವರೊಬ್ಬರು, "ಭಾರೀ ಆಯ್ತಲ್ಲ ಮಾರಾಯ್ರೆ, ನಮ್ಮ ಪಿಗ್ಮಿಯಲ್ಲಿ ಕಾರು ಬಂತಾ?" ಅಂದರು. ತಮಾಷೆಗೇ ಅಂದದ್ದು. ಆದರೆ ದಿನಕ್ಕೆ ಐವತ್ತು ರೂಪಾಯಿ ಕಟ್ಟುವವರ ತಲೆಯಲ್ಲಿ ಅಂಥ ಪ್ರಶ್ನೆ ಕೂರುವುದು ನಮ್ಮ ಕೆಲಸಕ್ಕೆ ಒಳ್ಳೆಯದಲ್ಲ. ಸೈಕಲ್ಲಿನಲ್ಲಿ ಬಂದರೆ ದೂರದಿಂದಲೇ ನೋಡಿ ದುಡ್ಡು ತೆಗೆದಿಡುತ್ತಾರೆ. ಕಾರಿನ ಗಾಜಿನ ಒಳಗೆ ನಾನು ಅಂತ ಗೊತ್ತಾಗುವಾಗ ಅವರು ಗಿರಾಕಿಗೆ ತೂಕ ಹಾಕಲು ಶುರು ಮಾಡಿರುತ್ತಾರೆ.

ಎಲ್ಲದಕ್ಕೂ ಸೈಕಲ್ ಅನ್ನುವ ಹಟ ನನಗಿಲ್ಲ. ಹೆದ್ದಾರಿ 66ರ ಮೇಲೆ ಹೋಗುವುದಿಲ್ಲ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆದರೆ ಸೈಕಲ್ಲಿನವನಿಗೆ ಉಳಿಯುವುದು ಮಣ್ಣಿನ ಬದಿಯೇ. ಸರ್ವಿಸ್ ರಸ್ತೆ ಇದ್ದಲ್ಲಿ ಮಾತ್ರ ಸೈಕಲ್, ಇಲ್ಲದಿದ್ದರೆ ಸಿಟಿ ಬಸ್. ಮಲ್ಪೆಗೆ ಮಧ್ಯಾಹ್ನ ಹೋಗುವುದಿದ್ದರೂ ಬಸ್ಸೇ. ಆ ಬಿಸಿಲು ನನ್ನ ವಯಸ್ಸಿಗಲ್ಲ.

ಸಂಘದಲ್ಲಿ ಸ್ಕೂಟರಿನವರಿಗೆ ಪೆಟ್ರೋಲ್ ಭತ್ಯೆ ಎಂದು ಸ್ವಲ್ಪ ಕೊಡುತ್ತಾರೆ. ಸೈಕಲ್ಲಿಗೂ ಟಯರ್, ಟ್ಯೂಬ್, ಬ್ರೇಕ್ ರಬ್ಬರ್ ಖರ್ಚಿದೆ ಅಲ್ವಾ ಎಂದು ಕೇಳಿದೆ. "ಬಿಲ್ ತನ್ನಿ, ನೋಡುವ" ಅಂದರು. ಪಂಕ್ಚರ್ ಹಾಕುವವರ ಹತ್ತಿರ ಬಿಲ್ ಪುಸ್ತಕ ಇಲ್ಲ. ಈ ಸಲ ಅರ್ಜಿ ಬರೆದು ಕೊಟ್ಟಿದ್ದೇನೆ.