ಮೋಟ್ರು ರೀವೈಂಡಿಂಗ್ ಅಂಗಡಿ ಇಡೋರು ಮೊದ್ಲು ಕೊಬ್ರಿ ಲೆಕ್ಕ ಕಲೀರಿ

ಐಟಿಐ ಮುಗಿಸಿದ ಹುಡುಗ್ರು ಸುಮಾರು ಜನ ಕೇಳ್ತಿರ್ತಾರೆ, ಅಣ್ಣ ನಾನೂ ಒಂದು ಮೋಟ್ರು ವೈಂಡಿಂಗ್ ಅಂಗಡಿ ಇಡೋಣ ಅಂತಿದೀನಿ ಬಂಡವಾಳ ಎಷ್ಟು ಬೇಕು ಅಂತ. ಸುಟ್ಟ ಬೋರ್ ಮೋಟ್ರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತೋ ಕೆಲಸ ಇದು, ಸಾಮಾನಿಗೆ ಅಂಥಾ ದೊಡ್ಡ ದುಡ್ಡೇನೂ ಬೇಡ ಕಣಪ್ಪ. ಕಾಯಿಲ್ ಸುತ್ತೋ ಮಷಿನ್ನು, ಇನ್ಸುಲೇಷನ್ ಚೆಕ್ ಮಾಡೋ ಮೆಗ್ಗರ್, ಎಷ್ಟು ಆಂಪ್ಸ್ ಎಳೀತಿದೆ ಅಂತ ನೋಡೋ ಟಾಂಗ್ ಟೆಸ್ಟರ್, ಬೇರಿಂಗ್ ಪುಲ್ಲರ್, ಒಂದು ಚೈನ್ ಪುಲ್ಲಿ, ಟೆಸ್ಟ್ ಮಾಡೋಕೆ ನೀರಿನ ತೊಟ್ಟಿ, ಮೂರು ಫೇಸ್ ಕರೆಂಟ್ ಇರೋ ಮಳಿಗೆ, ಇಷ್ಟೇ. ದುಡ್ಡು ಬೇಕಾಗೋದು ತಾಮ್ರಕ್ಕೆ, ಆಮೇಲೆ ಉದ್ರಿ ತಡ್ಕೊಳೋಕೆ.

ನಮ್ದು ತಿಪಟೂರು ಸೀಮೆ. ಇಲ್ಲಿ ರೈತರ ಕೈಲಿ ದುಡ್ಡು ಆಡೋದು ಕೊಬ್ರಿ ಮೇಲೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದ್ರೆ ಒಳಗಿನ ನೀರು ಇಂಗಿ ಉಂಡೆ ಕೊಬ್ರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ಆಮೇಲೆ ಸುಲಿಸಿ ಒಡೆಸಿ ಎಪಿಎಂಸಿಗೆ ಹಾಕ್ಬೇಕು. ಆದ್ರೆ ಮೋಟ್ರು ಅದುಕ್ಕೆಲ್ಲ ಕಾಯಲ್ಲ, ಅದು ಸುಡೋದೇ ಫೆಬ್ರವರಿಯಿಂದ ಮೇ ಒಳಗೆ, ಬೋರಲ್ಲಿ ನೀರು ಕೆಳಗಿಳಿದು ತೋಟ ಬಾಡ್ತಿರೋ ಟೈಮಲ್ಲಿ, ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಬಂದು ನಾಳೆ ಬೆಳಿಗ್ಗೆಗೇ ಬೇಕು ಅಂತಾರೆ. ದುಡ್ಡು? ಕೊಬ್ರಿ ಹಾಕಿದ್ ತಕ್ಷಣ ಕೊಡ್ತೀನಿ ಸ್ವಾಮಿ.

ಅವ್ರು ಸುಳ್ಳು ಹೇಳಲ್ಲ, ಬಹುತೇಕ ಎಲ್ರೂ ಕೊಡ್ತಾರೆ. ಆದ್ರೆ ರೇಟ್ ಬಿದ್ರೆ ಕೊಬ್ರಿ ಅಟ್ಟದಿಂದ ಇಳಿಯೋದೇ ಇಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತ ಇತ್ತು, ಮಾರ್ಕೆಟಲ್ಲಿ ಎಂಟು ಸಾವಿರದ ಆಸುಪಾಸು ಒದ್ದಾಡ್ತಿತ್ತು. ಯಾರು ತಾನೇ ಮಾರ್ತಾರೆ, ಇನ್ನೊಂದು ತಿಂಗಳು ನೋಡೋಣ ಇನ್ನೊಂದು ತಿಂಗಳು ನೋಡೋಣ ಅಂತ ಎಲ್ರೂ ಕಾದ್ರು, ಅವ್ರ ಜೊತೆ ನಮ್ಮ ಉದ್ರಿ ಪುಸ್ತಕಾನೂ ಕಾಯ್ತು. 2025ರಲ್ಲಿ ರೇಟು ಇಪ್ಪತ್ತು ಸಾವಿರ ದಾಟ್ದಾಗ ಕರೀದೇನೇ ಬಂದು ಹಳೇ ಬಾಕಿ ಕೊಟ್ಟೋದೋರೂ ಇದಾರೆ. ಇನ್ನೊಂದ್ ಕಡೆ ತಾಮ್ರದ ಅಂಗಡಿಯೋನಿಗೆ ನಮ್ಮೂರ ಅಟ್ಟ ಕಟ್ಕೊಂಡು ಏನಾಗ್ಬೇಕು, ಅವನ ರೇಟು ಲಂಡನ್ ಮಾರ್ಕೆಟ್ ನೋಡ್ಕೊಂಡು ಏರುತ್ತೆ ಇಳಿಯುತ್ತೆ, ಕ್ಯಾಶ್ ಇಟ್ರೆ ವೈರ್ ಸುರುಳಿ ಕೊಡ್ತಾನೆ.

ಅದುಕ್ಕೇ ನಾನು ಬಿಲ್ಲನ್ನ ಎರಡು ಭಾಗ ಮಾಡ್ತೀನಿ. ತಾಮ್ರದ ದುಡ್ಡು ಮೊದ್ಲೇ ಇಡ್ಬೇಕು, ಕೂಲಿ ಕೊಬ್ರಿ ಮೇಲೆ ಕೊಡ್ಲಿ ಪರ್ವಾಗಿಲ್ಲ. ಇದನ್ನ ಹೇಳ್ದಾಗ ಯಾರೂ ಬೇಜಾರ್ ಮಾಡ್ಕೊಳಲ್ಲ, ಯಾಕಂದ್ರೆ ತಾಮ್ರ ನಾನು ಮಾಡಿದ್ದಲ್ಲ ಅಂತ ಅವ್ರಿಗೂ ಗೊತ್ತು. ಹಳೇ ತಾಮ್ರ ಯಾರಿಗೆ ಸೇರ್ಬೇಕು ಅನ್ನೋದೂ ಜಗಳದ ವಿಷ್ಯ. ಬಿಚ್ಚಿದ ತಕ್ಷಣ ಅವ್ರ ಎದುರಿಗೇ ತೂಕ ಹಾಕಿ ಚೀಟಿಲಿ ಬರ್ದು ಬಿಲ್ಲಲ್ಲಿ ಕಳೀತೀನಿ. ಸುಮ್ನೆ ಮೂಟೆ ಕಟ್ಟಿ ಮೂಲೆಗೆ ಎಸೆದ್ರೆ ಊರಲ್ಲಿ ಮಾತು ಹುಟ್ಟುತ್ತೆ, ಹುಟ್ಟಿದ ಮಾತು ಸಾಯಲ್ಲ.

ಇನ್ನು ಕೆಲಸದ ವಿಷ್ಯ. ಸಬ್‌ಮರ್ಸಿಬಲ್ ಸ್ಟೇಟರ್‌ಗೆ, ಅಂದ್ರೆ ಕಾಯಿಲ್ ಕೂರೋ ತಿರುಗದ ಭಾಗಕ್ಕೆ, ಪ್ಲಾಸ್ಟಿಕ್ ಹೊದಿಕೆ ಇರೋ ಪಾಲಿ ವೈರನ್ನ ಒಂದೊಂದೇ ಸುತ್ತು ಕೈಲಿ ಎಳ್ದು ಹಾಕ್ಬೇಕು, ಆ ಕೈ ಬರೋಕೆ ಟೈಮ್ ಹಿಡಿಯುತ್ತೆ. ಆದ್ರೆ ಸುತ್ತೋನಿಗಿಂತ ಯಾಕೆ ಸುಟ್ಟೋಯ್ತು ಅಂತ ಹೇಳೋನಿಗೆ ಬೆಲೆ ಜಾಸ್ತಿ. ಸ್ಟೇಟರ್ ಬಿಚ್ಚಿ ನೋಡಿ, ಎಲ್ಲಾ ಕಾಯಿಲ್ಲೂ ಒಂದೇ ಸಮ ಕರ್ರಗಾಗಿದ್ರೆ ಓವರ್‌ಲೋಡು ಇಲ್ಲಾ ಲೋ ವೋಲ್ಟೇಜು. ಕೆಲವು ಕಾಯಿಲ್ ಇದ್ದಿಲಾಗಿ ಪಕ್ಕದ್ದು ಹೊಸದ್ರ ಹಾಗೇ ಇದ್ರೆ ಒಂದು ಫೇಸ್ ಹೋಗಿದೆ, ಮೋಟ್ರು ನಿಲ್ಲದೆ ಉಳಿದೆರಡರಲ್ಲೇ ಎಳೀತಾ ಬೆಂದಿದೆ. ಬುಷ್, ಥ್ರಸ್ಟ್ ಬೇರಿಂಗ್ ಸವೆದು ಹೋಗಿದ್ರೆ ನೀರಿಲ್ದೆ ಓಡಿರಬೋದು. ಪಂಪ್‌ಸೆಟ್ಟಿಗೆ 3 ಫೇಸ್ ಕೊಡೋದು ದಿನಕ್ಕೆ 7 ಗಂಟೆ, ಅದೂ ಯಾವ ಹೊತ್ತಿಗೆ ಬರುತ್ತೋ, ರಾತ್ರಿ ಎದ್ದು ತೋಟಕ್ಕೆ ಹೋಗೋಕೆ ಯಾರಿಗೂ ಇಷ್ಟ ಇಲ್ಲ, ಕರೆಂಟ್ ಬಂದ ತಕ್ಷಣ ತಾನೇ ಮೋಟ್ರು ಆನ್ ಮಾಡೋ ಆಟೋ ಸ್ಟಾರ್ಟರ್ ಹಾಕಿ ಮಲಗ್ತಾರೆ, ಟಿಸಿಲಿ, ಅಂದ್ರೆ ಟ್ರಾನ್ಸ್‌ಫಾರ್ಮರಲ್ಲಿ, ಒಂದು ಫ್ಯೂಸ್ ಹೋಗಿರುತ್ತೆ ಬೆಳಿಗ್ಗೆ ಅಷ್ಟೊತ್ತಿಗೆ ಮೋಟ್ರು ಕಥೆ ಮುಗ್ದಿರುತ್ತೆ. ಕೆಲವರಂತೂ ಕಂಡೆನ್ಸರ್ ಹಾಕಿ ಎರಡೇ ಫೇಸಲ್ಲಿ ಓಡಿಸ್ತಾರೆ, ಬೇಡ ಅಂದ್ರೆ ನಮ್ಮ ಮೇಲೇ ಸಿಟ್ಟು. ಹಂಗಾಗಿ ಸ್ಟಾರ್ಟರ್ ಬಾಕ್ಸ್ ನೋಡದೆ ಮೋಟ್ರು ವಾಪಸ್ ಕೊಡಲ್ಲ ನಾನು. ಅದೇ ಕೆಟ್ಟ ಬಾಕ್ಸಿಗೆ ಹೊಸ ವೈಂಡಿಂಗ್ ಹಾಕಿ ವಾರಕ್ಕೆ ಸುಟ್ರೆ ಬೈಸ್ಕೊಳೋದು ವೈಂಡಿಂಗ್ ಮಾಡಿದೋನೇ, ಟಿಸಿನ ಯಾರೂ ಬೈಯಲ್ಲ.

ಕಾಗದ ಪತ್ರ ಜಾಸ್ತಿ ಏನಿಲ್ಲ. ಪುರಸಭೆ ಇಲ್ಲಾ ನಗರಸಭೆ ಲೈಸೆನ್ಸು, ಆಮೇಲೆ ಉದ್ಯಮ್ ರಿಜಿಸ್ಟ್ರೇಷನ್, ಅದು ಆನ್‌ಲೈನಲ್ಲಿ ಫ್ರೀ, ಆಧಾರ್, ಪ್ಯಾನ್ ಇದ್ರೆ ನೀವೇ ಮಾಡ್ಕೋಬೋದು, ಸೈಬರ್‌ನವ್ರಿಗೆ ಸಾವಿರ ರೂಪಾಯಿ ಕೊಟ್ಟು ಬರ್ಬೇಡಿ. ಮುದ್ರಾ ಲೋನಲ್ಲಿ ಶಿಶು ಅಂದ್ರೆ 50,000ದವರೆಗೆ, ಕಿಶೋರ್ ಅಂದ್ರೆ 5 ಲಕ್ಷದವರೆಗೆ. ಬ್ಯಾಂಕಲ್ಲಿ ಸ್ವಲ್ಪ ಓಡಾಡಿಸ್ತಾರೆ, ಓಡಾಡಿ. ಜಿಎಸ್‌ಟಿ ಸೇವೆ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಮಾಡ್ಸಬೇಕು, ಅದು ಲಾಭ ಅಲ್ಲ ವಹಿವಾಟು, ತಾಮ್ರದ ದುಡ್ಡೂ ಅದ್ರಲ್ಲೇ ಸೇರುತ್ತೆ ಅನ್ನೋದು ನೆನಪಿರ್ಲಿ. 2025ರ ಜುಲೈಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಟೀ ಅಂಗಡಿಯೋರಿಗೆಲ್ಲ ನೋಟಿಸ್ ಬಂದಾಗ ನಮ್ಮ ಸಾಲಲ್ಲೂ ಕೆಲವರು ಕ್ಯೂಆರ್ ಕಿತ್ತಾಕಿದ್ರು. ನಾನು ಕೀಳಲಿಲ್ಲ. ಮನೆ ದುಡ್ಡು ಅಂಗಡಿ ದುಡ್ಡು ಬೇರೆ ಬೇರೆ ಅಕೌಂಟಲ್ಲಿದ್ರೆ ಕೇಳ್ದಾಗ ತೋರ್ಸೋಕೆ ಸುಲಭ.

ಈಗೀಗ ಸೋಲಾರ್ ಪಂಪ್ ಬರ್ತಿದಾವೆ, ಹಗಲೇ ಓಡುತ್ತೆ, ಎಷ್ಟೋ ಕಂಟ್ರೋಲರಲ್ಲಿ ನೀರು ನಿಂತ್ರೆ ತಾನೇ ಕಟ್ ಆಗುತ್ತೆ, ಅಂದ್ರೆ ಸುಡೋದು ಕಮ್ಮಿ. ನಮ್ಮ ಕೆಲಸಕ್ಕೆ ಕಲ್ಲು ಅಂತ ಕೆಲವರು ಗೊಣಗ್ತಾರೆ. ಇರ್ಬೋದು. ಆದ್ರೆ ಕಂಟ್ರೋಲರೂ ಕೆಡುತ್ತೆ, ಬೋರಿಂದ ಪೈಪ್ ಎತ್ತೋಕೆ ಜನ ಬೇಕು, ಕೇಬಲ್ ಜಾಯಿಂಟೊಳಗೆ ನೀರು ಹೋಗೋದು ಸೋಲಾರಲ್ಲೂ ತಪ್ಪಲ್ಲ, ಹೊಸದಾಗಿ ಅಂಗಡಿ ಇಡೋರು ವೈಂಡಿಂಗ್ ಜೊತೆಗೆ ಈ ಕಂಟ್ರೋಲರ್ ಬೋರ್ಡ್ ರಿಪೇರಿನೂ ಈಗ್ಲೇ ಕಲ್ತಿಟ್ಕೊಳ್ಳಿ.