ತೀರ್ಥಹಳ್ಳಿಯಲ್ಲಿ ಹಗುರಾದ ಸ್ಟೀರಿಂಗ್

ಅಪ್ಪ ಕಾರು ಓಡಿಸುವುದು ಬಿಟ್ಟು ಎಂಟು ತಿಂಗಳಾಗಿತ್ತು. "ತೋಳಲ್ಲಿ ಶಕ್ತಿ ಇಲ್ಲ ಕಣೋ, ವಯಸ್ಸಾಯ್ತು" ಅಂತ ಒಂದೇ ಮಾತು. ನಾವೂ ಹೌದೇನೋ ಅಂದುಕೊಂಡಿದ್ದೆವು. ಹಾಗಾಗಿ ಡಿಸೆಂಬರ್‌ನಲ್ಲಿ ಹೆಬ್ರಿಯ ಅಜ್ಜಿ ಮನೆಗೆ ಹೊರಟಾಗ ಕೀ ನನ್ನ ಕೈಗೆ ಬಂತು. ಗಾಡಿ 2006ರ ಪೆಟ್ರೋಲ್ ಸೆಡಾನ್. ಅಪ್ಪ ಅದನ್ನು ಮಗುವಿನ ತರ ನೋಡಿಕೊಂಡಿದ್ದಾರೆ.

ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟೆವು. ತುಮಕೂರು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ತಿಪಟೂರಿನಲ್ಲಿ ತಿಂಡಿಗೆ ನಿಲ್ಲಿಸೋಣ ಅಂತ ಎರಡು ಗಾಡಿಗಳ ಮಧ್ಯೆ ರಿವರ್ಸ್ ತೆಗೆದುಕೊಳ್ಳುವಾಗ ಸ್ಟೀರಿಂಗ್ ಬಂಡೆಯಂತೆ ಕೂತುಬಿಟ್ಟಿತು. ಎರಡೂ ಕೈ ಹಾಕಿ ಎಳೆಯಬೇಕಾಯಿತು. ಬಾನೆಟ್ ಒಳಗಿಂದ ಕುಂಯ್ ಅಂತ ಒಂದು ನರಳಾಟ. ನನಗೆ ಈಗ 38. ನನ್ನ ತೋಳಿಗೇ ಇಷ್ಟು ಕಷ್ಟ ಅಂದರೆ ಅಪ್ಪನ ತೋಳಿನ ತಪ್ಪು ಏನಿದೆ? ಸ್ಟೀರಿಂಗ್ ದಿನಕ್ಕೊಂದಿಷ್ಟು ಬಿಗಿಯಾಗುತ್ತಾ ಹೋದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ, ತಮ್ಮ ಮೈಯನ್ನೇ ದೂರಿಕೊಳ್ಳುತ್ತಾರೆ.

ಆ ಕಾಲದ ಎಷ್ಟೋ ಕಾರುಗಳ ತರ ನಮ್ಮದರಲ್ಲೂ ಪವರ್ ಸ್ಟೀರಿಂಗ್ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಇಂಜಿನ್ ಬೆಲ್ಟಿನಿಂದ ಒಂದು ಪಂಪು ತಿರುಗುತ್ತದೆ. ಅದು ತಳ್ಳುವ ಎಣ್ಣೆ, ಮುಂದಿನ ಚಕ್ರಗಳನ್ನು ಆಚೆ ಈಚೆ ತಿರುಗಿಸುವ ಸ್ಟೀರಿಂಗ್ ರ‍್ಯಾಕಿಗೆ ಬಲ ಕೊಡುತ್ತದೆ. ನಿಂತ ಗಾಡಿಯಲ್ಲಿ ಇಂಜಿನ್ ನಿಧಾನ, ಪಂಪೂ ನಿಧಾನ, ಆದರೆ ಚಕ್ರ ತಿರುಗಿಸಲು ಬಲ ಜಾಸ್ತಿ ಬೇಕಾಗುವುದು ಆಗಲೇ. ಹೈವೇಯಲ್ಲಿ ತೊಂದರೆ ಮುಚ್ಚಿಹೋಗುವುದು ಇದಕ್ಕೇ.

ಮೊದಲು ಬಂಕಿನಲ್ಲಿ ಗಾಳಿ ನೋಡಿಸಿದೆ. ಮುಂದಿನ ಚಕ್ರಗಳಲ್ಲಿ 30 ಇರಬೇಕಾದ್ದು 24 ಇತ್ತು. ತುಂಬಿಸಿದ ಮೇಲೆ ಒಂಚೂರು ಹಗುರಾಯಿತು. ನರಳಾಟ ಮಾತ್ರ ಹಾಗೇ ಇತ್ತು.

ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗ ಸೇರಿದೆವು. ಅಲ್ಲಿನ ಒಂದು ಗ್ಯಾರೇಜಿನಲ್ಲಿ ಒಬ್ಬರು ಸ್ಟೀರಿಂಗ್ ಒಮ್ಮೆ ಆಚೆ ಈಚೆ ತಿರುಗಿಸಿ, "ರ‍್ಯಾಕ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು, ಸಾಮಾನು ಬರಲು ಎರಡು ದಿನ" ಅಂದರು. ಗಾಡಿ ಜ್ಯಾಕ್ ಮೇಲೆ ಎತ್ತಲಿಲ್ಲ. ಎಣ್ಣೆ ಡಬ್ಬದ ಮುಚ್ಚಳ ಕೂಡ ತೆಗೆಯಲಿಲ್ಲ. ನನಗೆ ಸಿಟ್ಟು ಬಂತು. ಹಳೇ ಗಾಡಿ ಅಂದರೆ ದೊಡ್ಡ ಖರ್ಚೇ ಇರಬೇಕು ಅಂತ ಯಾಕೆ ಅಂದುಕೊಳ್ಳುತ್ತಾರೋ.

ನಿಧಾನವಾಗಿ ಮುಂದೆ ಹೊರಟೆವು. ತುಂಗೆ ಪಕ್ಕದಲ್ಲೇ ಬರುತ್ತಿದ್ದಳು. ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ ಎಲ್ಲಾ ಕಿಟಕಿಯಿಂದಲೇ ನೋಡಿದ್ದು. ಇದೇ ಸ್ಟೀರಿಂಗ್ ಇಟ್ಟುಕೊಂಡು ಆಗುಂಬೆ ಘಾಟಿ ಇಳಿಯಬಾರದು ಅಂತ ಮಾತ್ರ ತೀರ್ಮಾನಿಸಿದ್ದೆ.

ತೀರ್ಥಹಳ್ಳಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಗ್ಯಾರೇಜ್ ಸಿಕ್ಕಿತು. ವಯಸ್ಸಾದ ಮೆಕ್ಯಾನಿಕ್. ಮಾತು ಕಡಿಮೆ. ಮುಂಭಾಗ ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಇಟ್ಟೇ ಸ್ಟೀರಿಂಗ್ ತಿರುಗಿಸಲು ಹೇಳಿದರು. ಈ ತುದಿಯಿಂದ ಆ ತುದಿಗೆ ಎಲ್ಲೂ ಹಿಡಿಯದೆ ಸಲೀಸಾಗಿ ತಿರುಗಿತು. "ನೋಡಿ, ರ‍್ಯಾಕು, ಜಾಯಿಂಟು ಎಲ್ಲಾ ಸರಿ ಇದೆ. ಅಲ್ಲಿ ಹಿಡಿದುಕೊಂಡಿದ್ರೆ ಈಗಲೂ ಹಿಡೀಬೇಕಿತ್ತು, ಅಲ್ವಾ?" ಇಷ್ಟೇ ಪರೀಕ್ಷೆ, ಐದು ನಿಮಿಷದ್ದು.

ಆಮೇಲೆ ಇಂಜಿನ್ ಚಾಲೂ ಮಾಡಿ ಎಣ್ಣೆ ಡಬ್ಬದ ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ. ಕೆಂಪಗಿರಬೇಕಾದ ಎಣ್ಣೆ ಕಂದಾಗಿತ್ತು, ಮೇಲೆ ಆಗತಾನೇ ಕಡೆದ ಮಜ್ಜಿಗೆಯಂತೆ ನೊರೆ. ಕೆಳಗಿನ ಗೆರೆಗಿಂತಲೂ ಕಡಿಮೆ ಇತ್ತು. ನೊರೆ ಅಂದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ ಅಂತ ಅರ್ಥ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ, ಹಾಗಾಗಿ ಪಂಪು ಎಷ್ಟು ತಳ್ಳಿದರೂ ಬಲ ರ‍್ಯಾಕ್ ತಲುಪುವುದಿಲ್ಲ. ಆ ನರಳಾಟವೂ ಅದರದ್ದೇ.

ಡಬ್ಬದಿಂದ ಪಂಪಿಗೆ ಹೋಗುವ ರಬ್ಬರ್ ಹೋಸನ್ನು ಅವರು ಬೆರಳಲ್ಲಿ ಬಗ್ಗಿಸಿದರು. ಕ್ಲಾಂಪಿನ ಕೆಳಗೆ ಕೂದಲೆಳೆಯಷ್ಟು ಬಿರುಕು ಬಾಯಿ ತೆರೆಯಿತು! ವರ್ಷಗಟ್ಟಲೆ ಇಂಜಿನ್ ಬಿಸಿಗೆ ರಬ್ಬರ್ ಒಣಗಿದ ಕೊಬ್ಬರಿಯಂತೆ ಗಟ್ಟಿಯಾಗಿತ್ತು. ಪಂಪು ಎಣ್ಣೆ ಎಳೆದುಕೊಳ್ಳುವುದು ಈ ಹೋಸಿನಿಂದ. ಹಾಗಾಗಿ ಇಲ್ಲಿ ಬಿರುಕು ಬಿಟ್ಟರೆ ಎಣ್ಣೆ ಧಾರೆಯಾಗಿ ಸುರಿಯುವುದಿಲ್ಲ, ಇಂಜಿನ್ ಓಡುವಾಗ ಗಾಳಿಯೇ ಒಳಗೆ ಹೋಗುತ್ತದೆ. ನಿಂತಾಗ ಒಂದೊಂದೇ ಹನಿ ಜಿನುಗುತ್ತದೆ, ನೆಲದ ಮೇಲೆ ಕಲೆ ಹುಡುಕಿದರೂ ಸಿಗಲಿಕ್ಕಿಲ್ಲ.

ಎಣ್ಣೆಗೆ ತಾಳುವ ಹೊಸ ಹೋಸು, ಹೊಸ ಕ್ಲಾಂಪು. ಬೆಲ್ಟಿನ ಒಳಮೈ ಸವೆದು ಗಾಜಿನಂತೆ ಹೊಳೆಯುತ್ತಿತ್ತು, ಹಾಗಾದರೆ ಜಾರುತ್ತದೆ ಅಂತ ಅದನ್ನೂ ಬದಲಾಯಿಸಿದರು. ನಮ್ಮ ಡಬ್ಬದ ಮುಚ್ಚಳದ ಮೇಲೆ ಬರೆದಿದ್ದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ ಎಣ್ಣೆ) ತರಿಸಿದರು. ಬೇರೆ ಗಾಡಿಗೆ ಬೇರೆ ಎಣ್ಣೆ ಇರುತ್ತದೆ, ಸುಮ್ನೆ ಸಿಕ್ಕಿದ್ದು ಸುರಿಯಬೇಡಿ, ಸೀಲ್ ಹಾಳಾಗಬಹುದು. ಗಾಳಿ ಹೊರಹಾಕಲು ಚಕ್ರ ಎತ್ತಿಟ್ಟೇ, ಇಂಜಿನ್ ಆಫ್ ಇಟ್ಟೇ ಸ್ಟೀರಿಂಗನ್ನು ಇಪ್ಪತ್ತು ಸಲ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಎಣ್ಣೆ ಇಳಿದಂತೆಲ್ಲ ಅವರು ತುಂಬಿಸುತ್ತಾ ಹೋದರು. ಇಂಜಿನ್ ಚಾಲೂ ಆದಮೇಲೆ ಸ್ಟೀರಿಂಗನ್ನು ಕೊನೆಯಲ್ಲಿ ಒತ್ತಿ ಹಿಡಿಯಬೇಡಿ, ಪಂಪು ಕಾದು ಹೋಗುತ್ತದೆ ಅಂತ ಎರಡು ಸಲ ಹೇಳಿದರು. ಒಟ್ಟು ಖರ್ಚು 1,850 ರೂಪಾಯಿ.

ಆಗುಂಬೆ ದಾಟಿ ಘಾಟಿಗೆ ಬಂದಾಗ ಬಿಸಿಲು ವಾಲಿತ್ತು. ಒಟ್ಟು 14 ಹೇರ್‌ಪಿನ್ ತಿರುವು. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಪಂಪು ನಿಲ್ಲುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ಬಲವೂ ಹೋಗುತ್ತದೆ. ನಾನು ಎರಡನೇ ಗೇರಿನಲ್ಲಿ ಇಳಿಸಿದೆ. ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ಕೈ ಸಡಿಲಿಸಿದರೆ ತಾನೇ ನೇರಕ್ಕೆ ಬರುತ್ತಿತ್ತು. ಅಪ್ಪ ರಸ್ತೆ ನೋಡಲಿಲ್ಲ, ಉದ್ದಕ್ಕೂ ನನ್ನ ಕೈಗಳನ್ನೇ ನೋಡುತ್ತಿದ್ದರು.

ಸೋಮೇಶ್ವರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಎಣ್ಣೆ ಗೆರೆಯಲ್ಲೇ ಇತ್ತು, ನೊರೆ ಇರಲಿಲ್ಲ. ತಿರುಗಿ ನೋಡಿದರೆ ಅಪ್ಪ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿ ಮಾಡಿಕೊಳ್ಳುತ್ತಿದ್ದರು. ಹೆಬ್ರಿಯವರೆಗೆ ಅವರೇ ಓಡಿಸಿದರು. ಅಜ್ಜಿ ಮನೆಯ ಕಿರಿದಾದ ಅಂಗಳದಲ್ಲಿ, ತುಳಸಿಕಟ್ಟೆ ಪಕ್ಕ, ಗಾಡಿಯನ್ನು ಒಂದೇ ಕೈಯಲ್ಲಿ ತಿರುಗಿಸಿ ನಿಲ್ಲಿಸಿದರು.