‘ಬೆಂಗಳೂರು’ ಮೂರು ತುಂಡಾಗುವುದೇಕೆ?

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಹುಡುಕಬೇಕಾದ ಮಾದರಿ, ಬಳಸಲು ‘ರೀ’ ಮಾಡ್ಯೂಲ್ ಇದೆ. ಅದರಲ್ಲಿ ಪದದ ಅಕ್ಷರಗಳ ಸಾಲನ್ನು ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ ಎಂಬ ಪ್ಯಾಟರ್ನನ್ನು, ಹೊಂದುವ ತುಂಡುಗಳನ್ನೆಲ್ಲ ಕೊಡುವ ಫೈಂಡಾಲ್‌ಗೆ ಕೊಟ್ಟು ‘ಬೆಂಗಳೂರು’ ಹುಡುಕಿಸಿ. ಸಿಗುವುದು ‘ಬ’, ‘ಗಳ’, ‘ರ’. ‘ಮರ’ ಕೊಟ್ಟರೆ ಇಡಿಯಾಗಿಯೇ ಬರುತ್ತದೆ. ಹಾಗಾಗಿ ಕೊಂಬು, ಒತ್ತು ಇಲ್ಲದ ಪದ ಹಾಕಿ ಟೆಸ್ಟ್ ಮಾಡಿದವರಿಗೆ ತೊಂದರೆ ಕಾಣುವುದೇ ಇಲ್ಲ.

ಕಾರಣ ಇಷ್ಟೇ. ಯೂನಿಕೋಡ್‌ನಲ್ಲಿ ಬ, ಗ, ಳ, ರ ‘ಲೆಟರ್’ ವರ್ಗಕ್ಕೆ ಸೇರಿವೆ. ಸ್ವರಚಿಹ್ನೆ, ಅನುಸ್ವಾರ, ಒತ್ತಿಗೆ ಬೇಕಾದ ವಿರಾಮ ಎಲ್ಲವೂ ‘ಮಾರ್ಕ್’ ವರ್ಗಕ್ಕೆ. ಡಬ್ಲ್ಯೂ ಪಾಲಿಸುವುದು, ಸ್ಟ್ರಿಂಗ್ ಅಂದರೆ ಪಠ್ಯದ ತುಣುಕನ್ನು ಪರೀಕ್ಷಿಸುವ ಇಸ್‌ಆಲ್‌ನಮ್ ಮೆಥಡ್‌ನ ನಿಯಮವನ್ನು; ಅದು ‘ಲೆಟರ್’ ವರ್ಗದ ಅಕ್ಷರ, ಅಂಕಿಗಳನ್ನಷ್ಟೇ ಒಪ್ಪುತ್ತದೆ. ಕನ್ನಡ ಅಂಕಿ ‘೧೨’ ಸಲೀಸಾಗಿ ಪಾಸಾಗುತ್ತದೆ, ‘ಮನೆ’ ಫೇಲಾಗುತ್ತದೆ!

ಪೈಥಾನ್ 3.8ರ ಡಾಕ್ಯುಮೆಂಟೇಶನ್ (ಅಧಿಕೃತ ಕೈಪಿಡಿ) ಓದಿದರೆ, ಯಾವುದೇ ಭಾಷೆಯ ಪದದಲ್ಲಿ ಬರಬಹುದಾದ ಬಹುಪಾಲು ಅಕ್ಷರಗಳು ಈ ಡಬ್ಲ್ಯೂಗೆ ಹೊಂದುತ್ತವೆ ಎಂದಿದೆ. ಆ ‘ಬಹುಪಾಲು’ವಿನಲ್ಲಿ ನಮ್ಮ ಕಾಗುಣಿತವೇ ಕಳೆದುಹೋಗಿತ್ತು. ಆಮೇಲೆ ಬಂದ ತಿದ್ದುಪಡಿ ಚಿಕ್ಕದು: ಇಸ್‌ಆಲ್‌ನಮ್ ಒಪ್ಪುವಂಥವು, ಜೊತೆಗೆ ಅಂಡರ್‌ಸ್ಕೋರ್. ಕೋಡ್ ಮಾಡುವುದೂ ಅಷ್ಟನ್ನೇ. ಡಾಕ್ಯುಮೆಂಟೇಶನ್ ತಿದ್ದುವುದೆಂದರೆ ಹೀಗೆ; ಕೋಡ್ ಹೇಗಿರಬೇಕಿತ್ತು ಎಂಬ ತಕರಾರಿಗೆ ಬೇರೆ ಇಶ್ಯೂ (ದೂರು) ತೆರೆಯಬೇಕು.

ಇಂಥದ್ದನ್ನು ತಿದ್ದಲು ಹೊರಟರೆ ಮೊದಲು ಮೇನ್ ಬ್ರಾಂಚಿನ, ಅಂದರೆ ಸದ್ಯದ ಮುಖ್ಯ ಪ್ರತಿಯ, ವಾಕ್ಯ ಓದಿ, ಯಾರಾದರೂ ಆಗಲೇ ಸರಿಮಾಡಿರಬಹುದು. ಪಠ್ಯ ಇರುವುದು ಪೈಥಾನ್‌ನ ಮೂಲ ಕೋಡಿರುವ ಸಿಪೈಥಾನ್ ರೆಪೊದ ‘ಡಾಕ್’ ಫೋಲ್ಡರಿನೊಳಗಿನ ‘ಲೈಬ್ರರಿ’ಯಲ್ಲಿ: ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ‘ರೀ’ ಹೆಸರಿನ ಫೈಲು, ಸ್ಟ್ರಿಂಗ್ ಮೆಥಡ್‌ಗಳಿಗೆ ‘ಎಸ್‌ಟಿಡಿಟೈಪ್ಸ್’. (‘ಸ್ಟ್ರಿಂಗ್’ ಫೈಲಿನಲ್ಲಿ ಹುಡುಕಿ ಸಮಯ ಕಳೆಯಬೇಡಿ.) ‘ಡಾಕ್’ ಫೋಲ್ಡರಿನಲ್ಲಿ ನಿಂತು ಬೇಕಾದ ಸಲಕರಣೆ ಸಜ್ಜುಮಾಡುವ ಮೇಕ್ ವಿಇಎನ್‌ವಿ, ಬಳಿಕ ಪುಟ ಕಟ್ಟುವ ಮೇಕ್ ಎಚ್‌ಟಿಎಂಎಲ್ ಆಜ್ಞೆ ಓಡಿಸಿ, ಪುಟವನ್ನು ಬ್ರೌಸರಿನಲ್ಲಿ ಕಣ್ಣಾರೆ ನೋಡಿ. ಕೋಡಿನ ಸುತ್ತ ಹಾಕುವ ಬ್ಯಾಕ್‌ಟಿಕ್ ಚಿಹ್ನೆ ಒಂದು ಬಿಟ್ಟುಹೋದರೂ ಬ್ಯಾಕ್‌ಸ್ಲ್ಯಾಶ್ ಮಾಯವಾಗಿ ಬರೀ ಡಬ್ಲ್ಯೂ ಉಳಿಯುತ್ತದೆ.

ಪುಟ ತಿದ್ದಿದ ಮಾತ್ರಕ್ಕೆ ಹೆಲ್ಪ್ ಫಂಕ್ಷನ್ ತೋರಿಸುವ ವಿವರಣೆ ಬದಲಾಗದು. ಅದು ಸೋರ್ಸ್ ಕೋಡಿನೊಳಗಿನ ಡಾಕ್‌ಸ್ಟ್ರಿಂಗ್. ಸ್ಟ್ರಿಂಗ್ ಮೆಥಡ್‌ಗಳದ್ದಾದರೆ ಸಿ ಭಾಷೆಯ ಫೈಲಿನಲ್ಲಿರುತ್ತದೆ. ಅಲ್ಲಿ ಕೈಯಾಡಿಸಿದರೆ ಅದಕ್ಕೆ ಸಂಬಂಧಿಸಿದ ಕೋಡನ್ನು ಹೊಸದಾಗಿ ತಯಾರಿಸುವ ಮೇಕ್ ಕ್ಲಿನಿಕ್ ಓಡಿಸುವುದನ್ನು ಮರೆಯಬೇಡಿ.

ಡಬ್ಲ್ಯೂ ವಿವರಣೆ ಸರಿಹೋದ ಮೇಲೆ ಪದದ ಅಂಚು ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಬಿ ಕಡೆಗೂ ನೋಡಿ. ಅದು ನಿಂತಿರುವುದು ಇದೇ ಡಬ್ಲ್ಯೂ ಮೇಲೆ. ‘ಮನ’ದ ಎರಡೂ ಬದಿಗೆ ಬಿ ಹಾಕಿ ‘ಮನಸ್ಸು’ ಎಂದು ಬದಲಾಯಿಸಲು ಹೇಳಿದರೆ, ‘ಮನೆ’ಯೊಳಗೂ ಕೈಹಾಕಿ, ಕೊನೆಯ ಎತ್ವವನ್ನು ‘ಮನಸ್ಸು’ವಿನ ಬಾಲಕ್ಕೆ ಅಂಟಿಸಿಬಿಡುತ್ತದೆ.